ಎಡಗೈ ಮಣಿಕಟ್ಟಿನ ಗುಲಾಬಿ

ಹಾಸನದ ಆ ಅಂಗಡಿಗೆ ನಾನು ಹೋಗಿದ್ದು ಟಾಲ್ಕಂ ಪೌಡರಿಗೆ. ಬಿಲ್ ಹಾಕುವ ಕಡೆ ಕ್ಯೂ ಇತ್ತು. ಪಕ್ಕದ ಮೇಜಿನ ಮೇಲೆ, ಬೇಕಾದವರು ಹಾಕಿ ನೋಡಲಿ ಅಂತ ಸೆಂಟಿನ ಬಾಟಲಿಗಳನ್ನು ಇಟ್ಟಿದ್ದರು. ನಿಂತು ನಿಂತು ಬೇಜಾರಾಗಿ ಒಂದನ್ನೆತ್ತಿ ಎಡಗೈ ಮಣಿಕಟ್ಟಿಗೆ ಪುಸ್ಸೆಂದು ಒತ್ತಿಕೊಂಡೆ. ಬಂದದ್ದು ಇಂಜೆಕ್ಷನ್ನಿಗೆ ಮುಂಚೆ ಒರೆಸುವ ಹತ್ತಿಯ ವಾಸನೆ. ನಾನ್‌ಸೆನ್ಸ್ ಅಂದುಕೊಂಡು ಪೌಡರ್ ತೆಗೆದುಕೊಂಡು ಆಚೆ ಬಂದೆ.

ಆಟೋದಲ್ಲಿ ಕೂತು, ಜಾರಿದ ಕನ್ನಡಕ ಸರಿಮಾಡಲು ಕೈ ಎತ್ತಿದೆ ನೋಡಿ. ಓ ಮೈ ಗಾಡ್!

ಗುಲಾಬಿ. ಊದುಬತ್ತಿಯದಲ್ಲ, ಗುಲ್ಕನ್ನಿನದಲ್ಲ. ಚನ್ನರಾಯಪಟ್ಟಣದ ನಮ್ಮ ತವರಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕಿದ್ದ ಪನ್ನೀರು ಗುಲಾಬಿ. ತೊಟ್ಟಿನ ಹಸಿರು ಇತ್ತು, ಎಸಳೊಳಗಿನ ಇಬ್ಬನಿ ಇತ್ತು, ಸೋಪಿನ ನೀರು ಕುಡಿದ ಮಣ್ಣೂ ಇತ್ತು ಅಂದರೆ ನೀವು ನಗುತ್ತೀರಿ. ಇತ್ತು, ಐ ಸ್ವೇರ್. ಅಷ್ಟು ದೊಡ್ಡ ಹಿತ್ತಲು ಒಂದು ಹನಿಯೊಳಗೆ ಹೇಗೆ ಹಿಡಿಸಿತು?

ರಜೆ ಮುಗಿದು ಕಾನ್ವೆಂಟಿನ ಹಾಸ್ಟೆಲಿಗೆ ಹೊರಡುವಾಗ ಅವ್ವ ಆ ಗಿಡದ ಹೂವೊಂದನ್ನು ನನ್ನ ಜಡೆಗೆ ಸಿಕ್ಕಿಸುತ್ತಿದ್ದಳು. ಗೇಟಿನಲ್ಲೇ ಸಿಸ್ಟರ್, "ವ್ಯಾನಿಟಿ, ಚೈಲ್ಡ್" ಅಂತ ಮೆತ್ತಗೆ ಬಿಡಿಸಿಕೊಂಡು ಮದರ್ ಮೇರಿಯ ಮುಂದಿನ ಲೋಟದಲ್ಲಿಡುತ್ತಿದ್ದರು. ಆ ಕಡೆ ಹಾದಾಗಲೆಲ್ಲ ನಾನು ಮೂಗರಳಿಸಿ, ನನ್ನದು ಅಂದುಕೊಂಡೇ ಹೋಗುತ್ತಿದ್ದೆ.

ಆಟೋ ತಿರುಗಿಸಿಕೊಂಡು ಹೋಗಿ ಬಾಟಲಿ ಕೊಂಡೆ. ಮನೆಗೆ ತಂದು ಕರ್ಚೀಫುಗಳ ಕೆಳಗೆ ಬಚ್ಚಿಟ್ಟೆ. ಯಾಕೆಂದರೆ ನಾನು ಗಂಡ ಹೋದವಳು. ನಮ್ಮವರು ತೀರಿಕೊಂಡ ಮೇಲೆ ಯಾರೂ ನನಗೆ ಹೂವು ಮುಡಿಯಬೇಡ ಅನ್ನಲಿಲ್ಲ. ಕೊಡುವುದನ್ನು ನಿಲ್ಲಿಸಿದರು, ಅಷ್ಟೇ. ಲಿಂಗ ಕಟ್ಟಿಕೊಂಡ ಜನ ನಾವು, ಇದೆಲ್ಲ ನಮ್ಮ ಧರ್ಮದಲ್ಲಿಲ್ಲ ಅಂತ ಚೆನ್ನಾಗಿಯೇ ಮಾತಾಡುತ್ತೇವೆ. ಹೂವಿನ ತಟ್ಟೆ ಮಾತ್ರ ನನ್ನಂಥವರ ಮುಂದೆ ನಿಲ್ಲುವುದಿಲ್ಲ.

ಅರಕಲಗೂಡಿನಲ್ಲಿ ನಮ್ಮ ಅತ್ತಿಗೆ ಇದ್ದಾರೆ, ನಮ್ಮವರ ಅಕ್ಕ. ಅವರ ಗಂಡನೂ ಇಲ್ಲ. ಕಣ್ಣು ಮಂಜಾಗಿದೆ, ಮೂಗು ಚುರುಕು. ಒಲೆ ಮೇಲೆ ಹಾಲುಕ್ಕುವ ಮುಂಚೆಯೇ ನಡುಮನೆಯಿಂದ ಕೂಗುತ್ತಾರೆ. ಈ ಭೂಮಿಯ ಮೇಲೆ ನನ್ನನ್ನು ಇನ್ನೂ "ಏ ಹುಡುಗಿ" ಅಂತ ಕರೆಯುವವರು ಅವರೊಬ್ಬರೇ. ಅವರ ಮರಿಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಹೊರಟ ಬೆಳಿಗ್ಗೆ ಬಾಟಲಿ ತೆಗೆದೆ, ಇಟ್ಟೆ, ಮತ್ತೆ ತೆಗೆದೆ. ಅತ್ತಿಗೆ ಮುಖ ತಿರುಗಿಸಿಬಿಟ್ಟರೆ ಆ "ಹುಡುಗಿ" ಅವತ್ತಿಗೇ ಮುಗಿಯಿತು. ಆದರೂ ಒಂದು ಸಲ ಒತ್ತಿದೆ.

ಹೊಳೆನರಸೀಪುರದಿಂದ ಬೀಗರೆಲ್ಲ ಬಂದಿದ್ದರು. ತೊಟ್ಟಿಲು ತೂಗಿಯಾಯಿತು. ಅತ್ತಿಗೆಯ ಸೊಸೆ ಅರಿಸಿನ ಕುಂಕುಮ ಹೂವಿನ ತಟ್ಟೆ ಹಿಡಿದು ಹೆಂಗಸರ ಸಾಲಿನಲ್ಲಿ ಬಂದಳು. ಗೋಡೆಗೊರಗಿ ಕೂತ ನಮ್ಮಿಬ್ಬರನ್ನು ದಾಟಿ ಮುಂದೆ ಹೋದಳು.

ಅತ್ತಿಗೆ ಮೂಗೆತ್ತಿದರು. "ತಟ್ಟೆ ಅತ್ಲಾಗೋಯ್ತಲ್ವೇನೆ?"

"ಹೋಯ್ತು ಅತ್ತಿಗೆ."

"ಮತ್ತೆ ವಾಸ್ನೆ ಇಲ್ಲೇ ಕೂತೈತೆ? ಯಾವೋಳೋ ಹೂವ ಬೀಳಿಸ್ಕೊಂಡವ್ಳೆ." ಚಾಪೆಯ ಮೇಲೆ ಕೈಯಾಡಿಸಿ ಹುಡುಕತೊಡಗಿದರು.

ಬೀಗರ ಹೆಂಗಸೊಬ್ಬಳು, "ಏನ್ ಕಳ್ಕಂಡ್ರಿ ಅಜ್ಜಿ?" ಅಂದಳು.

"ಹೂವ ಕಣವ್ವ. ಮುಡಿಯಂಗಿಲ್ಲ ಅಂತ ತುಳಿಯಕ್ಕಾದದಾ?"

ಹುಡುಕುತ್ತಾ ಹುಡುಕುತ್ತಾ ಆ ಕೈ ನನ್ನ ಮಡಿಲ ತನಕ ಬಂತು. ಸೆರಗಿನೊಳಗೆ ಕೈ ಎಳೆದುಕೊಳ್ಳಬಹುದಿತ್ತು. ಎಡಗೈಯನ್ನು ಅವರ ಅಂಗೈಯೊಳಗಿಟ್ಟೆ.

ಬಗ್ಗಿ ಮೂಸಿದರು. ಎತ್ತಿದ ತಲೆ ಮತ್ತೆ ಬಗ್ಗಿತು.

"ಹೂವೆಲ್ಲೇ?"

"ಹೂವಿಲ್ಲ ಅತ್ತಿಗೆ. ಸೆಂಟು. ನಾನೇ ಹಾಕ್ಕೊಂಡೆ."

ಅವರು ನನ್ನ ಕೈ ಬಿಡಲಿಲ್ಲ. ತೊಟ್ಟಿಲಲ್ಲಿ ಮಗು ಸಣ್ಣಗೆ ರಾಗ ತೆಗೆಯಿತು.

"ಮುಡ್ದಿಲ್ಲ ತಾನೆ?"

"ಇಲ್ಲ."

"ಯಾರ್ಗಾದ್ರೂ ಕಾಣ್ತದಾ?"

"ಇಲ್ಲ ಅತ್ತಿಗೆ."

"ನಂಗಂತೂ ಏನೂ ಕಾಣಾಕಿಲ್ಲ, ಬುಡು." ತುಟಿ ಕೊಂಕಿಸಿ ನಕ್ಕು ಹತ್ತಿರ ಸರಿದರು. "ಸೀಸೆ ಎಲ್ಲಿ?"

"ಹಾಸನದಲ್ಲೇ ಇದೆ."

"ಜಿಪುಣಿ!" ಅಂತ ಬೈದು ತಮ್ಮ ಎಡಗೈ ಚಾಚಿದರು. ನನ್ನ ಮಣಿಕಟ್ಟನ್ನು ಅವರ ಮಣಿಕಟ್ಟಿಗೆ ಉಜ್ಜಿದೆ. ಆ ಚರ್ಮ ಹಳೆಯ ರೇಷ್ಮೆಯ ಹಾಗೆ ನನ್ನ ಕೈಯ ಕೆಳಗೆ ಸರಿದಾಡಿತು. ಅವರು ಕೈಯನ್ನು ಮೂಗಿಗೆ ಹಿಡಿದು, ಊಟಕ್ಕೆ ಕರೆದರೂ ಏಳದೆ ಕೂತೇ ಇದ್ದರು.

ಮಾರನೇ ದಿನ ಬೆಳಿಗ್ಗೆ ಫೋನ್ ಬಂತು.

"ಏ ಹುಡುಗಿ, ಇನ್ನೂ ಐತೆ ಕಣೆ."

"ಸ್ನಾನ ಮಾಡ್ಲಿಲ್ವಾ ಅತ್ತಿಗೆ?"

"ಮಾಡ್ದೆ. ಆ ಕೈ ಒಂದ್ ನೆನೆಸ್ಲಿಲ್ಲ, ಮ್ಯಾಕೆತ್ತಿ ಹಿಡ್ಕಂಡಿದ್ದೆ." ಸ್ವಲ್ಪ ತಡೆದು, ದನಿ ತಗ್ಗಿಸಿದರು. "ಪೂಜೆಗೆ ಕೂತು ಲಿಂಗಾನ ಎಡಗೈಲಿ ಹಿಡ್ಕಂಡೆನಾ, ಇನ್ನೂ ಪತ್ರೆ ಏರ್ಸಿರಲಿಲ್ಲ, ಏನೂ ಇಲ್ಲ. ಅಂಗೈ ಮುಖದ ಹತ್ರ ತಂದ್ರೆ ಘಮ್ಮಂತು ಕಣೆ! ಅಂಗೇ ಕೂತ್ಬುಟ್ಟೆ."

ಮದರ್ ಮೇರಿಯ ಮುಂದಿನ ಆ ಗಾಜಿನ ಲೋಟ ನನ್ನ ಕಣ್ಣೆದುರು ಬಂತು. ಆ ಕಡೆಯಿಂದ ಅವರು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು.

"ಈ ಸಲ ಬರುವಾಗ," ಅಂದರು, "ಸೀಸೆ ತಗಂಡೇ ಬಾ."