ಕೆಂಡಕ್ಕನ ಅಂಗೈ

ಗಿಟಾರ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕೆಂಡಕ್ಕ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಒಮ್ಮೆ ಆ ಹೆಸರು ಕಿವಿಗೆ ಬಿದ್ದಾಗ ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. "ಮುಟ್ಟಿ ನೋಡ್ಲಿ, ಗೊತ್ತಾಗುತ್ತೆ" ಅಂದಳು. ಯಂತ್ರದವನಿಗೆ ಬೈಗುಳ, ಬಣ್ಣದವನಿಗೆ ಬೈಗುಳ, ಊಟದ ಗಂಟೆ ತಡವಾದರೆ ಗಂಟೆಗೂ ಬೈಗುಳ. ಎಲ್ಲರೂ ಸಹಿಸಿಕೊಂಡಿದ್ದರು, ಯಾಕೆಂದರೆ ಅವಳ ಅಂಗೈಯಂಥ ಅಂಗೈ ಅಲ್ಲಿ ಇನ್ನೊಂದಿರಲಿಲ್ಲ.

ಗಿಟಾರಿನ ಕತ್ತು, ಅಂದರೆ ನುಡಿಸುವವರು ಎಡಗೈಯಲ್ಲಿ ಹಿಡಿಯುವ ಆ ಉದ್ದನೆಯ ಭಾಗ, ಯಂತ್ರದಿಂದ ಒಂದೇ ಅಚ್ಚಿನಲ್ಲಿ ಬರುತ್ತದೆ. ಬಂದಾಗ ಒರಟು, ಕೊಂಚ ದಪ್ಪ. ಅದರ ಬೆನ್ನನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಹದಕ್ಕೆ ತರುವುದು ಮಾತ್ರ ಕೈಕೆಲಸ. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವ ಅಳತೆಗೋಲು ಆ ಕಾರ್ಖಾನೆಯಲ್ಲಿ ಇರಲಿಲ್ಲ. ಉಜ್ಜು, ಮುಷ್ಟಿಯಲ್ಲಿ ಹಿಡಿ, ಮತ್ತೆ ಉಜ್ಜು, ಮತ್ತೆ ಹಿಡಿ. ಕೈ ಸಾಕು ಅಂದರೆ ಸಾಕು. ಅಂಗಡಿಯಲ್ಲಿ ಅಕ್ಕಪಕ್ಕ ತೂಗುಹಾಕಿದ ಒಂದೇ ಮಾದರಿಯ ಎರಡು ಗಿಟಾರುಗಳು ಕೈಗೆ ಬೇರೆ ಬೇರೆ ಅನ್ನಿಸುವುದು ಇದಕ್ಕೇ. ಅಂಗಡಿಯವರು ಮರದ ಗುಣ, ಹವೆಯ ಗುಣ ಅಂತ ಏನೇನೋ ಹೇಳಿ ಸಾಗಹಾಕುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ. ಆದರೆ ಮುಕ್ಕಾಲು ಪಾಲು ಉಜ್ಜಿದವರ ಕೈ.

ಕೆಂಡಕ್ಕ ಅಲ್ಲಿಗೆ ಸೇರಿದ್ದು ಮರದ ಹೊಟ್ಟು ಗುಡಿಸಲು. ಗುಡಿಸುತ್ತಲೇ ನೋಡಿದಳು, ನೋಡುತ್ತಲೇ ಕಲಿತಳು, ಕೊನೆಗೆ ಕಿಟಕಿ ಪಕ್ಕದ ಬೆಂಚು ಹಿಡಿದಳು. ಅಲ್ಲಿ ಕೂತವರ ಕೈ ಒಪ್ಪದೆ ಯಾವ ಕತ್ತೂ ಬಣ್ಣಕ್ಕೆ ಹೋಗುವಂತಿರಲಿಲ್ಲ. ಬದುಕಿನಲ್ಲಿ ಯಾರ ದಯೆಯೂ ಇಲ್ಲದೆ ಅವಳು ಸಂಪಾದಿಸಿದ್ದು ಅದೊಂದೇ ಜಾಗ. ತಾಯಿಯಿಲ್ಲದ ಮನೆಯಲ್ಲಿ ತಂಗಿಗೆ ಜಡೆ ಹೆಣೆದು ಬೆಳೆಸಿದವಳು, ಅದೇ ತಂಗಿಯನ್ನು ಪಕ್ಕದ ಬೆಂಚಿಗೆ ತಂದು ಕೂರಿಸಿ ಕೆಲಸವನ್ನೂ ಕಲಿಸಿದಳು.

ಕಲಿಸಿದ್ದು ಸರಿ, ಈಚೆಗೆ ಮಾತ್ರ ತಂಗಿ ಮಾಡಿದ್ದು ಯಾವುದೂ ಅವಳಿಗೆ ಹಿಡಿಸುತ್ತಿರಲಿಲ್ಲ.

"ಏನೇ ಇದು? ಕತ್ತೋ, ಒನಕೆಯೋ?" ಎಂದು ಇಡೀ ಶೆಡ್ಡಿಗೆ ಕೇಳುವಂತೆ ಕಿರುಚುವಳು. "ಇಷ್ಟು ವರ್ಷ ಕಲಿಸಿದ್ದು ನೀರಲ್ಲಿ ಹೋಮ ಆಯ್ತಲ್ಲೇ! ಇನ್ನೂ ಉಜ್ಜು!"

ತಂಗಿ ತುಟಿ ಪಿಟಿಕ್ಕೆನ್ನದೆ ವಾಪಸ್ ತೆಗೆದುಕೊಂಡು ಉಜ್ಜುವಳು. ಬೇರೆಯವರು ತಲೆ ತಗ್ಗಿಸಿಕೊಂಡು ನಗುವರು.

ಹೀಗಿರುವಾಗ ಹೋಟೆಲೊಂದರಲ್ಲಿ ಸಂಜೆ ಹೊತ್ತು ಗಿಟಾರ್ ನುಡಿಸುವ ಒಬ್ಬ, ಎರಡು ಗಿಟಾರ್ ಹೊತ್ತುಕೊಂಡು ಕಾರ್ಖಾನೆಗೆ ನುಗ್ಗಿದ. ಮುಖ ಗಂಟು ಹಾಕಿಕೊಂಡಿತ್ತು.

"ಎರಡೂ ಒಂದೇ ಮಾಡೆಲ್ಲು. ಹಳೇದು ಕೈಯಲ್ಲಿ ಹೂವಿನ ಹಾಗೆ ಕೂರುತ್ತೆ. ಅದಕ್ಕೇ ಅಂಥದ್ದೇ ಇನ್ನೊಂದು ತಗೊಂಡೆ. ಹಿಡಿದು ಎರಡು ಹಾಡು ನುಡಿಸೋ ಅಷ್ಟರಲ್ಲಿ ಹೆಬ್ಬೆರಳು ಸೆಳೆಯುತ್ತೆ. ಏನ್ ಆಟ ಆಡ್ತಿದ್ದೀರಾ ನೀವು?"

ಮೇಸ್ತ್ರಿ ಎರಡನ್ನೂ ಕಿಟಕಿಯ ಬೆಂಚಿಗೆ ತಂದ. ಕೆಂಡಕ್ಕ ಕೈ ಒರೆಸಿಕೊಂಡು ಮೊದಲು ಹಳೆಯದನ್ನು ಹಿಡಿದಳು. ಮುಖ ಸಿಂಡರಿಸಿದಳು. ಹೊಸದನ್ನು ಹಿಡಿದಳು. ಮುಖ ಅರಳಿತು.

"ಹೊಸದು ನನ್ನ ಕೆಲಸ. ಈ ಹಳೇದು ಇವಳದ್ದು," ಎಂದು ತಂಗಿಯತ್ತ ಗದ್ದ ಚಾಚಿದಳು. "ಇದೂ ಒಂದು ಕತ್ತಾ? ಯಾರು ಬಿಟ್ರು ಇದನ್ನ ಹೊರಗೆ?"

"ಅಮ್ಮಾ, ಚೆನ್ನಾಗಿದೆ ಅಂದಿದ್ದು ಆ ಹಳೇದನ್ನೇ ನಾನು," ಅಂದ ಗಿಟಾರಿನವನು.

"ನಿಮ್ಮ ಕೈಗೆ ರುಚಿ ಗೊತ್ತಿಲ್ಲದಿದ್ರೆ ಅದಕ್ಕೆ ನಾನೇನ್ ಮಾಡ್ಲಿ?" ಕೆಂಡಕ್ಕ ಉರಿದುಬಿದ್ದಳು. "ಬಿಚ್ಚಿ ಮೇಸ್ತ್ರಿ! ಯಾರ ಕೆಲಸ ಅಂತ ಎಲ್ಲರೂ ನೋಡ್ಲಿ!"

ಕತ್ತನ್ನು ಗಿಟಾರಿನ ಮೈಗೆ ಸ್ಕ್ರೂ ಹಾಕಿ ಕೂರಿಸುವ ಕಡೆ, ಹೊರಗೆ ಕಾಣದ ಹಾಗೆ, ಉಜ್ಜಿದವರು ಪೆನ್ಸಿಲಿನಲ್ಲಿ ತಮ್ಮ ಗುರುತು ಹಾಕುವುದು ಅಲ್ಲಿಯ ರೂಢಿ. ಅಕ್ಕನದು ಸೊನ್ನೆ, ತಂಗಿಯದು ಗೀಟು. ಮೇಸ್ತ್ರಿ ಹೊಸದನ್ನು ಬಿಚ್ಚಿದ. ಸೊನ್ನೆ. ಹಳೆಯದನ್ನು ಬಿಚ್ಚಿದ. ಅದೂ ಸೊನ್ನೆ.

ಅಷ್ಟಕ್ಕೇ ಸುಮ್ಮನಾಗಿದ್ದರೆ ಅವಳನ್ನು ಕೆಂಡಕ್ಕ ಎಂದು ಯಾರು ಕರೆಯುತ್ತಿದ್ದರು? "ಯಾರೋ ನನ್ನ ಗುರುತು ಹಾಕಿದ್ದಾರೆ!" ಎಂದು ಕೂಗಿ ನೇರ ತಂಗಿಯನ್ನೇ ದುರುಗುಟ್ಟಿಕೊಂಡು ನೋಡಿದಳು. "ನಿನ್ನ ಹಾಳು ಕೆಲಸನ ನನ್ನ ತಲೆಗೆ ಕಟ್ತೀಯೇನೇ?"

ತಂಗಿ ಕೈಯಲ್ಲಿದ್ದ ಸ್ಯಾಂಡ್‌ಪೇಪರನ್ನು ನೆಲಕ್ಕೆ ಎಸೆದು ಎದ್ದು ನಿಂತಳು.

"ಸಾಕು ಮಾಡಕ್ಕಾ! ಅದು ನೀನೇ ಮಾಡಿದ್ದು. ಆಗ ನಿನ್ನ ಬೆರಳು ಪೂರ್ತಿ ಮಡಚ್ತಿತ್ತು. ಈಗ ಮಡಚು ನೋಡೋಣ. ಎಲ್ಲರ ಮುಂದೆ ಮಡಚು!"

ಕೆಂಡಕ್ಕ ಹಟಕ್ಕೆ ಬಿದ್ದು ಮುಷ್ಟಿ ಕಟ್ಟಿದಳು. ಬೆರಳುಗಳು ಅರ್ಧಕ್ಕೆ ಬಂದು ನಿಂತವು. ಗೆಣ್ಣುಗಳು ಊದಿಕೊಂಡು ಹೊಳೆಯುತ್ತಿದ್ದವು. ಡಬ್ಬಿಯ ಮುಚ್ಚಳ ತೆಗೆಯಲಾಗದಿದ್ದಾಗ ಗಂಡನಿಗೆ ಬೈದಿದ್ದಳು, ನಲ್ಲಿ ತಿರುಗದಿದ್ದಾಗ ನಲ್ಲಿಯವನಿಗೆ ಬೈದಿದ್ದಳು. ಆ ಬೆರಳುಗಳಿಗೆ ಈಗ ಎಲ್ಲ ಕತ್ತೂ ದಪ್ಪವೇ. ಹಾಗಾಗಿ ಕೈ ಸಾಕು ಅನ್ನುವ ಹೊತ್ತಿಗೆ ಅವಳು ಬೇಕಾದ ಮರವನ್ನೂ ಉಜ್ಜಿ ತೆಗೆದಿರುತ್ತಿದ್ದಳು.

"ಊದಿದ್ದು ನಿನ್ನ ಬೆರಳು, ಬೈಸ್ಕೊಂಡಿದ್ದು ನಾನು," ಅಂದಳು ತಂಗಿ. "ಸರಿಯಾಗಿದ್ದ ಕತ್ತುಗಳನ್ನ ನಿನ್ನ ಮಾತಿಗೆ ಉಜ್ಜಿ ಉಜ್ಜಿ ಕಡ್ಡಿ ಮಾಡಿದ್ದೀನಿ. ನನಗೆ ಹೊಟ್ಟೆ ಉರಿಯಲ್ವಾ?"

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?"

"ಡಾಕ್ಟರ ಹತ್ರ ಹೋಗೋಣ ಬಾ ಅಂತ ಕರೀಲಿಲ್ವಾ ನಾನು? ಆಗ ನೀನು ಏನು ಹೇಳ್ದೆ? ನನ್ನ ಜಾಗದ ಮೇಲೆ ಕಣ್ಣು ಹಾಕಿದ್ದೀಯಾ ಅಂತ ಕೇಳ್ದೆ. ಅಂಥ ಮಾತು ಕೇಳಿದ ಮೇಲೆ ನಾನ್ಯಾಕೆ ಬಾಯಿ ಬಿಡ್ಲಿ?"

ಕೇಳಿದ್ದು ನಿಜ. ಕೆಂಡಕ್ಕನಿಗೆ ಆ ಮಾತು ಅಕ್ಷರಶಃ ನೆನಪಿತ್ತು.

ತೆಗೆದ ಮರವನ್ನು ಮತ್ತೆ ಅಂಟಿಸುವಂತಿಲ್ಲ. ಗಿಟಾರಿನವನಿಗೆ ಬೇರೆ ಕತ್ತನ್ನೇ ಮಾಡಿಕೊಡಬೇಕು. ಮೇಸ್ತ್ರಿ ಒರಟು ಕತ್ತೊಂದನ್ನು ತಂದ. ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಅಕ್ಕ ತಂಗಿಯರ ನಡುವೆ ಮಿಕಮಿಕ ನೋಡುತ್ತಾ ನಿಂತ. ಕೆಂಡಕ್ಕ ಅದನ್ನು ಕಿತ್ತುಕೊಂಡಳು. ಅವಳಿಗೆ ತನ್ನ ಬೆರಳುಗಳ ಮೇಲೆ ಸಿಟ್ಟು, ಬಾಯಿ ಮುಚ್ಚಿಕೊಂಡಿದ್ದ ತಂಗಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಅವಳು ಹೇಳಿದ್ದೆಲ್ಲ ಸರಿಯಾಗಿದ್ದುದಕ್ಕೆ ಸಿಟ್ಟು. ಕತ್ತನ್ನು ಕಿಟಕಿಯ ಬೆಂಚಿನ ಮೇಲೆ ಧಡಾರನೆ ಕುಕ್ಕಿದಳು.

"ಕೂತ್ಕೋ."

"ಎಲ್ಲಿ?" ಅಂದಳು ತಂಗಿ.

"ನನ್ನ ಜಾಗದಲ್ಲಿ. ಕಿವಿ ಕೇಳ್ಸಲ್ವಾ ನಿಂಗೆ? ಕೂತ್ಕೋ ಅಂದ್ನಲ್ಲಾ!"

ತಂಗಿ ಮುಖ ಕೆಂಪಗೆ ಮಾಡಿಕೊಂಡೇ ಕೂತಳು. ಹಳೆಯ ಕತ್ತನ್ನು ಮುಷ್ಟಿಯಲ್ಲಿ ಹಿಡಿದು ಅಳತೆ ನೋಡುವಳು, ಒರಟು ಕತ್ತನ್ನು ಉಜ್ಜುವಳು, ಮತ್ತೆ ಹಳೆಯದನ್ನು ಹಿಡಿಯುವಳು. ಕೆಂಡಕ್ಕ ಅವಳ ಹೆಗಲ ಹಿಂದೆ ನಿಂತೇ ಇದ್ದಳು. ಕೆಲಸ ಮುಗಿದಾಗ ತಂಗಿ ತಿರುಗಿಯೂ ನೋಡದೆ, ಇಷ್ಟು ವರ್ಷದ ಅಭ್ಯಾಸಬಲದಿಂದ, ಕತ್ತನ್ನು ಅಕ್ಕನ ಕಡೆ ಚಾಚಿದಳು.

ಕೆಂಡಕ್ಕ ಹಿಡಿದು ನೋಡಿದಳು. ದಪ್ಪ ಇದೆ ಅಂತ ಕೈ ಹೇಳಿತು. ಇನ್ನೂ ಉಜ್ಜಬೇಕು ಅಂತಲೂ ಹೇಳಿತು. ಬೈಗುಳ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಸರಿ ಇದೆ," ಅಂದಳು. ಸಿಟ್ಟಿನಲ್ಲೇ ಅಂದಳು.