ಮುಷ್ಟಿಯಷ್ಟು ದೊಡ್ಡ ಅಂಟಿನುಂಡಿ

ಅಮೀನಗಡದಲ್ಲಿ ಬಸ್ಸು ನಿಂತರೆ ನಾನು ಕಿಟಕಿಯ ಗಾಜು ಸರಿಸದೆ ಇರಲಾರೆ. ಕರದಂಟಿನ ಅಂಗಡಿಗಳಿಂದ ತುಪ್ಪದಲ್ಲಿ ಮರದ ಅಂಟು ಅರಳುವ ವಾಸನೆ ಬರುತ್ತದೆ. ಉಳಿದವರು ಇಳಿದು ಕೊಳ್ಳುತ್ತಾರೆ; ನಾನು ಮೂಗಿಗಷ್ಟೇ ಪುಕ್ಕಟೆ ಊಟ ಹಾಕಿಸಿಕೊಂಡು ಮುಂದೆ ಹೋಗುತ್ತೇನೆ. ಮೊನ್ನೆ ತೊಡೆಯ ಮೇಲೆ ನನ್ನದೇ ಡಬ್ಬಿಯಿತ್ತು. ಗುಡೂರಿನ ತಮ್ಮನ ಮನೆಯಲ್ಲಿರುವ ಅಪ್ಪನಿಗೆ ಅಂಟಿನುಂಡಿ ಒಯ್ಯುತ್ತಿದ್ದೆ.

ನಿಮಗೆ ಗೊತ್ತಿರುವುದೇ, ಅಂಟಿನುಂಡಿ ಬಾಣಂತಿಯ ತಿನಿಸು. ಸೊಂಟ ಗಟ್ಟಿಯಾಗಲೆಂದು ತವರಿನಲ್ಲಿ ಅವ್ವ ಕಟ್ಟಿಕೊಡುವಂಥದ್ದು. ನನ್ನ ಚೊಚ್ಚಲ ಹೆರಿಗೆಯ ಹೊತ್ತಿಗೆ ಅವ್ವ ತೀರಿಹೋಗಿದ್ದಳು. ಬಾಣಂತನ ನಾವೇ ಮಾಡುತ್ತೇವೆಂದು ಅತ್ತೆ ಹೇಳಿಕಳಿಸಿದರು. ಕುರಿ ಕಾಯುವ ನನ್ನಪ್ಪ ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಂಡು ಅವರ ಮನೆಗೇ ಹೋಗಿ, "ಅಕಿ ಹೋದ್ಲಂತ ತವರಮನಿ ಹೋಗಿಲ್ರಿ" ಎಂದುಬಿಟ್ಟ. ಹೆರಿಗೆಯಾದ ಮೇಲೆ ಅಂಟಿನುಂಡಿ ಕಟ್ಟಲು ತಾನೇ ಒಲೆಯ ಮುಂದೆ ಕೂತ.

ಅಡವಿಯಲ್ಲಿ ರೊಟ್ಟಿ ಬಡಿದು ಗೊತ್ತಿದ್ದ ಕೈ ಅದು. ಹೊಗೆಯಾಡುವ ತುಪ್ಪಕ್ಕೆ ಅಂಟನ್ನೆಲ್ಲ ಒಮ್ಮೆಲೇ ಸುರುವಿದ. ಹೊರಗೆ ಕರಕಲು, ಒಳಗೆ ಹಸಿ. ಬೆಲ್ಲದ ಪಾಕವೂ ಏರಿತ್ತು. ಆ ಉಂಡಿಗಳನ್ನು ಕವಣೆಗಿಟ್ಟು ಬೀಸಿದ್ದರೆ ತೋಳ ಊರು ಬಿಡುತ್ತಿತ್ತು. ಒಂದನ್ನು ಕಚ್ಚಿದೆ; ಅಂಟು ಹಲ್ಲಿಗೆ ಹಿಡಿದು, ಬಾಯಿ ಬಿಡಲಾಗದೆ ಕಣ್ಣಲ್ಲಿ ನೀರು. ಅವ್ವ ನೆನಪಾದಳೆಂದುಕೊಂಡ ಅಪ್ಪ ತಾಟು ಎತ್ತಿಕೊಂಡು ಒಳಗೆ ಹೋದ.

ಕೂಸಿಗೆ ಎರೆಯಲು ಬರುತ್ತಿದ್ದ ನೆರೆಮನೆಯ ಹುಸೇನಬಿ ಚಾಚಿ ಅದನ್ನು ನೋಡಿ ಒಲೆಯ ಮುಂದೆ ಬಂದು ಕೂತರು. ಓಣಿಯ ಬಾಣಂತಿಯರಿಗೆಲ್ಲ ಉಂಡಿ ಕಟ್ಟಿಕೊಡುತ್ತಿದ್ದವಳು ಅವ್ವ. ಚಾಚಿಯೂ ಅವಳ ಉಂಡಿ ತಿಂದು ಎದ್ದವರು.

"ಅಣ್ಣಾರ, ಒಮ್ಮಿಗೇ ಸುರುವಬ್ಯಾಡ್ರಿ. ಚಿಟಿಕಿ ಚಿಟಿಕಿ ಹಾಕ್ರಿ. ಅರಳಾಕ ಅದಕ್ಕ ಜಾಗಾ ಬೇಕು."

ಅಪ್ಪ ಸಣ್ಣ ಉರಿಯಲ್ಲಿ ಹಾಗೇ ಹಾಕಿದ. ಹರಳಿನಂಥ ಅಂಟು ಬೆಳ್ಳಗೆ ಉಬ್ಬಿ ಮೇಲೆ ಬಂತು. ಕೊಬ್ಬರಿ, ಉತ್ತತ್ತಿ, ಬೆಲ್ಲ ಕೂಡಿಸಿ ಕಟ್ಟಿದ. ಅವ್ವನವು ನಿಂಬೆಹಣ್ಣಿನಷ್ಟಿರುತ್ತಿದ್ದವು, ಅಪ್ಪನವು ಅವನ ಮುಷ್ಟಿಯಷ್ಟು.

"ಅವ್ವ ಮಾಡಿದಂಗ ಆಗ್ಯಾವೇನವಾ?" ಎಂದು ಕೇಳಿದ.

ಕೈಯಲ್ಲಿದ್ದುದನ್ನು ತಿಂದು ಮುಗಿಸಿದೆ. ಇನ್ನೊಂದು ಕೊಡು ಎಂದು ಕೈ ಚಾಚಿದೆ. ದಿನಾ ತಿಂದೆ. ಸೊಂಟ ಇವತ್ತಿಗೂ ಗಟ್ಟಿಯಿದೆ, ಅಪ್ಪ, ಚಾಚಿ ಇಬ್ಬರ ಪುಣ್ಯ.

ಈಗ ಅಪ್ಪನಿಗೆ ಹಲ್ಲಿಲ್ಲ. ಅದಕ್ಕೇ ಅಂಟನ್ನು ಕುಟ್ಟಿ ಪುಡಿ ಮಾಡಿ ಹಾಕಿದ್ದೆ. ಮೊನ್ನೆ ಕಟ್ಟೆಯ ಮೇಲೆ ಕೂತು ಒಂದನ್ನು ಮುರಿದು ಬಾಯಿಗಿಟ್ಟುಕೊಂಡ. ಅಂದು ಅವನು ಕೇಳಿದ್ದನ್ನೇ ನಾನೂ ಕೇಳಿದೆ, ಅವ್ವ ಮಾಡಿದ ಹಾಗಾಗಿವೆಯೇ ಎಂದು.

ಅಪ್ಪ ಇನ್ನೊಂದು ಉಂಡಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ.

"ಇಲ್ಲವಾ. ನಿಮ್ಮವ್ವ ಇಷ್ಟು ದೊಡ್ಡು ಎಲ್ಲಿ ಕಟ್ಟತಿದ್ಲು? ಇವು ನನ್ನವು."

ಡಬ್ಬಿಯೊಳಗೆ ಇಣುಕಿದೆ. ಇಷ್ಟು ವರ್ಷ ಅವ್ವನ ಉಂಡಿ ಕಟ್ಟುತ್ತಿದ್ದೇನೆಂದೇ ತಿಳಿದಿದ್ದೆ. ಒಂದೊಂದೂ ಅಪ್ಪನ ಮುಷ್ಟಿಯಷ್ಟಿತ್ತು.