ಸಬಕಾರ ಡಬ್ಬಿಯೂ ಸಿಸ್ಟರ್ ಉಮಾದೇವಿಯೂ

ಕಿವಿಗೊಡಿ, ಬಂಧುಗಳೇ. ತಥಾಗತನ ಕರುಣೆಯನ್ನು ನಂಬಿದವರೂ, ಶಿವನ ಪಾದವನ್ನು ನಂಬಿದವರೂ, ನಮಾಜಿಗೆ ಬಾಗುವವರೂ ಕೈಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಕೇಳಿ. ದುಃಖದ ಮನೆಯ ಹೊಸ್ತಿಲು ತುಳಿಯದವರು ನಮ್ಮಲ್ಲಿ ಯಾರೂ ಇಲ್ಲ. ಅಲ್ಲಿ ನಾಲಿಗೆ ತಪ್ಪದವರೂ ಯಾರೂ ಇಲ್ಲ.

ಉಮಾದೇವಿ ಚಂದ್ರಬಂಡದವಳು. ತಂದೆ ಮಲ್ಲಯ್ಯ ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದ. ಮಗಳು ನರ್ಸಿಂಗ್ ಓದಿದಳು. ಮಾನ್ವಿಯಲ್ಲಿ ಹನ್ನೊಂದು ವರ್ಷ ಹೆರಿಗೆ ಮಾಡಿಸಿ, ಈಗ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ, ತೂಕವಿಲ್ಲದೆ ಹುಟ್ಟಿದ ಕೂಸುಗಳ ವಾರ್ಡನ್ನು ನೋಡಿಕೊಳ್ಳುತ್ತಾಳೆ. ಇಪ್ಪತ್ತಾರು ವರ್ಷಗಳ ಸೇವೆ. ನಮ್ಮ ವಿಹಾರಕ್ಕೆ ಹುಣ್ಣಿಮೆಯ ಬುದ್ಧವಂದನೆಗೆ ಬಂದರೆ ಕಟ್ಟಕಡೆಯ ಚಾಪೆಯಲ್ಲಿ ಕೂರುವ ಹೆಣ್ಣುಮಗಳು.

ಹೋದ ವರ್ಷ ಶ್ರಾವಣದಲ್ಲಿ ದೇವದುರ್ಗದ ಸ್ವಪ್ನಾ ಎಂಬ ಗರ್ಭಿಣಿಯನ್ನು ಈ ಆಸ್ಪತ್ರೆಗೆ ಕರೆತಂದರು. ದಿನ ತುಂಬುವ ಮೊದಲೇ ಅವಳಿ ಹೆಣ್ಣುಕೂಸುಗಳು ಹುಟ್ಟಿದವು. ಮರುದಿನ ಬೆಳಗಿನ ಜಾವ ಒಂದು ತೀರಿಕೊಂಡಿತು. ಅದನ್ನು ಮಣ್ಣು ಮಾಡಲು ಗಂಡ ಶಿವರಾಜ ಊರಿಗೆ ಒಯ್ದ. ಉಳಿದದ್ದು ಒಂದೂವರೆ ಕಿಲೋ ತೂಗುವ ಜೀವ. ಯಂತ್ರದ ಕಾವಿನಲ್ಲಿಟ್ಟರೂ ಮೈ ತಣ್ಣಗಾಗುತ್ತಿತ್ತು. ಕೊಳವೆಯಲ್ಲಿ ಇಳಿಸಿದ ಹಾಲನ್ನು ಕಕ್ಕುತ್ತಿತ್ತು. ಅದಕ್ಕೀಗ ಬೇಕಾದದ್ದು ತಾಯಿಯ ಬರಿಯೆದೆಯ ಬಿಸುಪು ಮತ್ತು ತಾಯಿಯ ಹಾಲು. ತಾಯಿಯೋ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೂಸನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

ಅಂದು ಮಧ್ಯಾಹ್ನ ಎರಡಕ್ಕೆ ತರುಣ ವೈದ್ಯರು ಬಂದರು. ಹೊರರಾಜ್ಯದವರು, ಕನ್ನಡ ಬಾರದು. ಮನಸ್ಸು ಮಾತ್ರ ಒಳ್ಳೆಯದು. "ನಾಲ್ಕಕ್ಕೆ ಮತ್ತೆ ನೋಡುತ್ತೇನೆ. ಅಷ್ಟರಲ್ಲಿ ಮೈ ಬಿಸಿಯಾಗದಿದ್ದರೆ ಕಷ್ಟ" ಎಂದು ಉಮಾದೇವಿಗೆ ಇಂಗ್ಲಿಷಿನಲ್ಲಿ ಹೇಳಿ, ಹಾಸಿಗೆಯ ಕಡೆ ತಿರುಗಿ, "ಇಫ್ ಇಟ್ಸ್ ಎನಿ ಕನ್ಸೊಲೇಶನ್..." ಎಂದು ಮೊದಲುಮಾಡಿ, ಎರಡನೆಯ ಮಗುವಿಗೆ ಇನ್ನೂ ಅವಕಾಶವಿದೆ ಎಂದರು.

ಉಮಾದೇವಿ ಅದನ್ನು ಕನ್ನಡಕ್ಕೆ ತಂದಳು: "ಸಮಾಧಾನ ಮಾಡ್ಕೋ ಯವ್ವಾ. ಇನ್ನೊಂದಾದ್ರೂ ಉಳದದಲ್ಲ."

ಪಕ್ಕದಲ್ಲಿದ್ದ ಅತ್ತೆ ಬಸವಂತಮ್ಮ ದನಿಗೂಡಿಸಿದಳು. "ಹೌದು ಬೇ, ಒಂದಾದ್ರೂ ಉಳೀತಂತ ದೇವರಿಗೆ ಕೈ ಮುಗಿ. ಎತ್ಕೋ."

ಸ್ವಪ್ನಾ ಥಟ್ಟನೆ ಇತ್ತ ತಿರುಗಿದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. "ಏನಂದ್ರು ಅವರು? ಕನ್ಸೊಲೇಶನ್ ಅಂದ್ರಲ್ಲ?"

"ಹಂಗಂದ್ರ..."

"ಗೊತ್ತದರೀ ನನಗ. ಹೈಸ್ಕೂಲಿನ್ಯಾಗ ತಾಲೂಕು ಓಟದಾಗ ನಾಲ್ಕನೇದಾಕಿ ಬಂದಿದ್ದೆ. ಕನ್ಸೊಲೇಶನ್ ಪ್ರೈಜ್ ಅಂತ ಮೈಕಿನ್ಯಾಗ ಒದರಿ, ಸಾಬೂನು ಇಡೋ ಒಂದು ಪ್ಲಾಸ್ಟಿಕ್ ಸಬಕಾರ ಡಬ್ಬಿ ಕೊಟ್ರು. 'ಹೋಗಲೇ, ಮಾರಿ ತೊಕ್ಕೋ' ಅಂತ ಹುಡುಗ್ಯಾರೆಲ್ಲ ನಕ್ಕರು. ಈಗ ನನ್ನ ಕೂಸು ಸಬಕಾರ ಡಬ್ಬಿ ಏನ್ರೀ? ಇಕಿನ್ನ ಎತ್ಕೊಂಡ್ರ ಅಕಿನ್ನ ಬಿಟ್ಟುಕೊಟ್ಟಂಗ. ಎತ್ಕೊಳಂಗಿಲ್ಲ ನಾ."

ಮತ್ತೆ ಗೋಡೆಗೆ ತಿರುಗಿದಳು.

ಬಂಧುಗಳೇ, ವೈದ್ಯರು ಅಂದದ್ದು ಇಂಗ್ಲಿಷ್ ಬಲ್ಲವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಬಸ್ಸು ತಪ್ಪಿದವನಿಗೂ ಅದೇ, ಪಂದ್ಯ ಸೋತವನಿಗೂ ಅದೇ. ದೊಡ್ಡದು ಕೈತಪ್ಪಿದಾಗ ಸಣ್ಣದೊಂದನ್ನು ತಂದು ಆ ಜಾಗದಲ್ಲಿಡುವ ಮಾತು. ನಮ್ಮ ಕನ್ನಡವೇನು ಕಡಿಮೆಯೆ? 'ಕಾಲು ಹೋದರೇನು, ಜೀವವಾದರೂ ಉಳಿಯಿತಲ್ಲ' ಎನ್ನುತ್ತೇವೆ. ಆ 'ಆದರೂ' ಎಂಬುದರೊಳಗೆ ಒಂದು ತಕ್ಕಡಿ ತೂಗುತ್ತಿರುತ್ತದೆ. ಇಪ್ಪತ್ತಾರು ವರ್ಷ ಎಷ್ಟು ತಾಯಂದಿರ ಮುಂದೆ ತಾನು ಆ ತಕ್ಕಡಿ ಹಿಡಿದಿದ್ದೆನೋ ಎಂದು ಉಮಾದೇವಿ ನಿಂತಲ್ಲೇ ಲೆಕ್ಕ ಹಾಕತೊಡಗಿದಳು.

ಎರಡೂವರೆಯಾಯಿತು. ಕೂಸಿನ ಮೈಯ ಕಾವು ಮತ್ತಷ್ಟು ಇಳಿದಿತ್ತು.

ಆಗ ಅವಳಿಗೆ ಲಾಲ್ ಸಾಬ್ ನೆನಪಾದ. ಗಿರಣಿಯಲ್ಲಿ ಅಪ್ಪನ ಜೊತೆ ಮೂಟೆ ಹೊರುತ್ತಿದ್ದವನು. ಅಪ್ಪ ಸತ್ತಾಗ ಓಣಿಯೆಲ್ಲ ಬಂದು, "ಮಗಳಾದ್ರೂ ಅದಾಳಲ್ಲ" ಎಂದು ಹೇಳಿ ಎದ್ದು ಹೋಗಿತ್ತು. ಅವ್ವ ಮೂರು ದಿನ ತುಟಿ ಬಿಚ್ಚಲಿಲ್ಲ, ತುತ್ತು ಮುಟ್ಟಲಿಲ್ಲ. ಲಾಲ್ ಸಾಬ್ ಹೊಸ್ತಿಲ ಬಳಿ ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಕೇಳಿದ: "ಭಾಬಿ, ನಮ್ಮ ಮಲ್ಲಯ್ಯ ಕಡೀಗೆ ಏನುಂಡು ಬಂದಿದ್ದ?"

"ಪುಂಡಿಪಲ್ಯ, ರೊಟ್ಟಿ" ಎಂದಳು ಅವ್ವ. "ಉಪ್ಪು ಕಮ್ಮಿ ಆಗೇದಂತ ಬೈದು ಹೋದ." ಅಂದವಳೇ ಗೋಳೋ ಎಂದು ಅತ್ತಳು, ಅತ್ತು, ಉಂಡಳು.

ಸಾವಿನ ಮನೆಗೆ ಹೋಗುವುದಕ್ಕೆ ನಮ್ಮ ಕಡೆ 'ಮಾತಾಡಿಸಿಕೊಂಡು ಬರುವುದು' ಎನ್ನುತ್ತಾರಲ್ಲವೆ? ಹೋದವರು ಮಾತಾಡಿ ಬರುವುದಲ್ಲ; ಇದ್ದವರನ್ನು ಮಾತಾಡಿಸಿ ಬರುವುದು. ನಾವು ಹೆಸರನ್ನು ಉಳಿಸಿಕೊಂಡು ಕೆಲಸವನ್ನು ಮರೆತಿದ್ದೇವೆ.

ಉಮಾದೇವಿ ಬಸವಂತಮ್ಮನನ್ನು ಬಿಸಿನೀರಿಗೆ ಕಳಿಸಿ, ಸ್ಟೂಲು ಎಳೆದು ಹಾಸಿಗೆಯ ಪಕ್ಕ ಕುಳಿತಳು. ಗಡಿಯಾರದ ಮುಳ್ಳು ಮೂರರ ಕಡೆ ಸರಿಯಿತು. ಎದ್ದು ಕೂಸಿನ ಬಳಿ ಓಡಬೇಕೆಂದು ಕಾಲು ತುಡಿಯುತ್ತಿತ್ತು.

"ಹೋದಾಕಿ ಹೊಟ್ಟ್ಯಾಗ ಹೆಂಗಿದ್ದಳವ್ವಾ?"

ಆಚೆ ಕೋಣೆಯಲ್ಲಿ ಯಂತ್ರ ಕೂಗಿತು. ಇನ್ನೊಬ್ಬ ನರ್ಸು ಓಡಿದ ಸದ್ದು ಕೇಳಿತು. ಉಮಾದೇವಿ ಅಲುಗಲಿಲ್ಲ.

"ಒದೀತಿದ್ಲು" ಎಂದಿತು ಗೋಡೆಯ ಕಡೆಯ ದನಿ. "ಹಗಲಿಲ್ಲ, ರಾತ್ರಿಲ್ಲ. ನನ್ನಂಗ ಓಡಾಕಿ ಅಂತಿದ್ದೆ. ಓಡಾಕಿ ಅಂತನ ಕರೀತಿದ್ದೆ."

'ಮತ್ತೆ ಇನ್ನೊಬ್ಬಳು?' ಎಂಬ ಪ್ರಶ್ನೆ ಉಮಾದೇವಿಯ ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ಮತ್ತೆ ತಕ್ಕಡಿ. ತುಟಿ ಕಚ್ಚಿ ನುಂಗಿದಳು. "ಓಡಾಕಿ" ಎಂದಷ್ಟೇ ಅಂದಳು.

ಸ್ವಪ್ನಾಳ ಬೆನ್ನು ಕುಲುಕತೊಡಗಿತು. ಅಳು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಅದರ ನಡುವೆ ತಾನಾಗಿಯೇ ಹೇಳಿದಳು: "ಇಕಿ ಸುಮ್ಮನಾಕಿ. ಅಕಿ ಒದ್ರ ಇಕಿ ಸರದು ಜಾಗ ಕೊಡ್ತಿದ್ಲು." ನಿಧಾನವಾಗಿ ತಿರುಗಿದಳು. "ಸಿಸ್ಟರ್, ಅಕಿ ಇಲ್ಲಂತ ಇಕಿಗೂ ಗೊತ್ತಾಗಿರತದೇನ್ರೀ?"

"ಎಂಟು ತಿಂಗಳು ಜೋಡಿ ಇದ್ದಾಕಿ."

"ಹಂಗಾರ ಇಕಿನ್ನ ಯಾರು ಮಾತಾಡಿಸ್ಯಾರ?"

ಉಮಾದೇವಿ ಸ್ಟೂಲಿನಿಂದ ಎದ್ದಳು.

"ತರ್ರಿ ಇತ್ತಾಗ" ಎಂದಳು ಸ್ವಪ್ನಾ, ಕುಪ್ಪಸದ ಗುಂಡಿ ಬಿಚ್ಚುತ್ತ. "ನಾ ಮಾತಾಡಿಸ್ತೀನಿ."

ಮೂರು ದಾಟಿ ಹತ್ತು ನಿಮಿಷಕ್ಕೆ ಕೂಸು ತಾಯಿಯ ಎದೆಗಂಟಿತು. ನಾಲ್ಕಕ್ಕೆ ವೈದ್ಯರು ಬಂದಾಗ ಮೈ ಬಿಸಿಯಾಗಿತ್ತು. ಬಾಯಿ ಎದೆಯನ್ನು ಹುಡುಕುತ್ತಿತ್ತು. ತಾಯಿ ಮಗಳ ಕಿವಿಯಲ್ಲಿ ಅಕ್ಕನ ಸುದ್ದಿ ಹೇಳುತ್ತಿದ್ದಳು.

"ಏನು ಹೇಳಿದಿರಿ ಅವರಿಗೆ?" ಎಂದರು ವೈದ್ಯರು.

"ನಾನೇನೂ ಹೇಳಿಲ್ಲ ಸಾರ್" ಎಂದು ಇಂಗ್ಲಿಷಿನಲ್ಲೇ ಉತ್ತರಿಸಿ, ಕೊನೆಗೊಂದು ಕನ್ನಡದ ಪದವಿಟ್ಟಳು: "ಮಾತಾಡಿಸಿದೆ." ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅವರು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ.

ಇಪ್ಪತ್ತಮೂರು ದಿನಗಳ ಮೇಲೆ ಸುಮ್ಮನಾಕಿ ತಾಯಿಯ ಮಡಿಲಲ್ಲಿ ದೇವದುರ್ಗದ ಬಸ್ಸು ಹತ್ತಿದಳು.

ಬಂಧುಗಳೇ, ನಾಳೆ ನಾಡಿದ್ದರಲ್ಲಿ ನಿಮಗೂ ಒಂದು ದುಃಖದ ಮನೆಯಿಂದ ಸುದ್ದಿ ಬರುತ್ತದೆ. ಹೊರಡುವಾಗ 'ಆದರೂ' ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಹೊರಡಿ. ಹೋಗಿ ಕುಳಿತು, ಹೋದವರನ್ನು ಕುರಿತು ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರ ತಡವಾದರೆ ಏಳಬೇಡಿ. ಕೈಮುಗಿದು ಬೇಡುತ್ತೇನೆ, ಉಮಾದೇವಿ ಕುಳಿತಂತೆ ಕುಳಿತಿರಿ.